ಗ್ಯಾರೇಜಿನಲ್ಲಿ ಕಟ್ಟಿದ ಕಾರು

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯ ಮೇಲೆ ವಚನಗಳ ಬಗ್ಗೆ, ದಾಸಸಾಹಿತ್ಯದ ಬಗ್ಗೆ ತಿಳಿದವರು ಮಾತನಾಡಿದ್ದಾರೆ. ನನಗೆ ಅಂಥ ಪಾಂಡಿತ್ಯವಿಲ್ಲ. ನಾನು ಮತ್ತು ನನ್ನ ಮಗಳು ಮಿಸಿಸಾಗಾದ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಕಾರು ಕಟ್ಟಿದೆವು ಎಂಬ ಸುದ್ದಿ ಸಮಿತಿಯವರ ಕಿವಿಗೆ ಬಿದ್ದು, "ಅದನ್ನೇ ಹೇಳಿ, ಜನಕ್ಕೆ ಬದಲಾವಣೆ ಇರುತ್ತದೆ" ಎಂದರು. ಹಾಗಾಗಿ ನಿಂತಿದ್ದೇನೆ.

ಕಿಟ್ ಕಾರು ಎಂದರೆ ಏನು ಎಂದು ಮೊದಲು ಹೇಳಬೇಕು. ಕಂಪನಿಯೊಂದು ಕಬ್ಬಿಣದ ಕೊಳವೆಗಳ ಚೌಕಟ್ಟನ್ನೂ ಹೊರಮೈಯ ತಗಡು, ಫೈಬರ್ ಗ್ಲಾಸ್ ತುಂಡುಗಳನ್ನೂ ಪೆಟ್ಟಿಗೆಯಲ್ಲಿ ಕಳಿಸುತ್ತದೆ. ಇಂಜಿನ್, ಗೇರ್‌ಬಾಕ್ಸ್, ಬ್ರೇಕು, ಸ್ಟಿಯರಿಂಗ್, ವೈರಿಂಗ್ ಇವೆಲ್ಲ ಅದರಲ್ಲಿರುವುದಿಲ್ಲ. ಅವನ್ನು ಒಂದು ಹಳೆಯ ಕಾರಿನಿಂದ ಬಿಚ್ಚಿ ತೆಗೆದು ಇದಕ್ಕೆ ಕೂಡಿಸಬೇಕು. ಆ ಹಳೆಯ ಕಾರಿಗೆ ದಾನಿ ಕಾರು, ಡೋನರ್ ಎನ್ನುತ್ತಾರೆ. ನಮ್ಮ ಸಂಚಿಕೆಯ ಕೊನೆಯ ಪುಟದಲ್ಲಿ ಹೆಸರು ಅಚ್ಚಾಗುವ ದಾನಿಗಳಂತೆ ಅಲ್ಲ. ಈ ದಾನಿ ಪ್ರಾಣವನ್ನೇ ಕೊಡಬೇಕು.

ಇದೇನೂ ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನಲ್ಲಿ ಕಾಲಿನ್ ಚಾಪ್‌ಮನ್ ಎಂಬಾತ 1957ರಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ ಕಾರನ್ನು ಹೊರತಂದ. ಪೂರ್ತಿ ಕಾರು ಕೊಂಡರೆ ತೆರಿಗೆ, ಬಿಡಿಭಾಗ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ ಎಂಬ ಕಾನೂನು ಅಲ್ಲಿ ಆಗ ಇತ್ತು. ಜೋಡಿಸುವ ವಿಧಾನವನ್ನು ಬರೆದುಕೊಡುವಂತಿಲ್ಲ ಎಂದು ನಿಯಮವಿದ್ದುದರಿಂದ, ಬಿಚ್ಚುವ ವಿಧಾನವನ್ನು ಬರೆದುಕೊಟ್ಟು, ಹಿಂದಿನಿಂದ ಓದಿಕೊಳ್ಳಿ ಎಂದರಂತೆ! ನಾವು ಕಟ್ಟಿದ್ದು ಆ ಸೆವೆನ್‌ನ ಮಾದರಿಯದೇ ಒಂದು ಕಾರು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಪಕ್ಕದ ಓಶಾವಾದಲ್ಲಿ ಮೆಕ್‌ಲಾಕ್ಲಿನ್ ಕುಟುಂಬದವರು ಕುದುರೆಗಾಡಿ ಕಟ್ಟುತ್ತಿದ್ದರು. 1907ರಲ್ಲಿ ಮಗ ಸ್ಯಾಮ್ ಮೆಕ್‌ಲಾಕ್ಲಿನ್ ಮೋಟಾರು ಕಂಪನಿ ಆರಂಭಿಸಿದಾಗ ಅವರ ಇಂಜಿನಿಯರ್ ಕಾಯಿಲೆ ಬಿದ್ದ, ಇಂಜಿನ್ ತಯಾರಾಗಲಿಲ್ಲ. ಆಗ ಗಡಿಯಾಚೆಯ ಬ್ಯೂಕ್ ಕಂಪನಿಯಿಂದ ಇಂಜಿನ್ ತರಿಸಿಕೊಳ್ಳಲು ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು, ಅದರ ಮೇಲೆ ತಮ್ಮ ಗಾಡಿ ಕೆಲಸದವರ ಕೈಯಿಂದ ಬಾಡಿ ಕಟ್ಟಿಸಿದರು. 1918ರಲ್ಲಿ ಆ ಕಂಪನಿಯೇ ಜನರಲ್ ಮೋಟಾರ್ಸ್ ಆಫ್ ಕೆನಡಾ ಆಯಿತು. ಓಶಾವಾದ ಕಾರು ಮ್ಯೂಸಿಯಂ ನೋಡಿ ಬಂದ ದಿನ ನನ್ನ ಮಗಳು, "ಅಪ್ಪ, ಬೇರೆಯವರ ಇಂಜಿನ್, ಇವರ ಬಾಡಿ. ನಾವೂ ಮಾಡಬಹುದಲ್ಲ?" ಎಂದಳು. ಆಗ ಅವಳಿಗೆ ಹದಿನಾರು ವರ್ಷ. ಅದು 2016ನೇ ಇಸವಿ.

ನಾನು ನಕ್ಕೆ. ನಾನು ದಾವಣಗೆರೆಯ ಬಿ.ಡಿ.ಟಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. 1990ರಲ್ಲಿ ಇಲ್ಲಿಗೆ ಬಂದಾಗ, ನಿಮ್ಮಲ್ಲಿ ಅನೇಕರು ಕೇಳಿದ ಮಾತನ್ನೇ ನಾನೂ ಕೇಳಿದೆ: ಕೆನಡಿಯನ್ ಅನುಭವ ಇದೆಯೇ? ಇರಲಿಲ್ಲ. ಬ್ರಾಂಪ್ಟನ್ನಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸಕ್ಕೆ ಸೇರಿ ಅಲ್ಲೇ ಉಳಿದೆ. ಸಾವಿರಾರು ಬೋಲ್ಟುಗಳನ್ನು ಅಳೆದಿದ್ದೇನೆ, ಒಂದನ್ನೂ ತಿರುಗಿಸಿರಲಿಲ್ಲ. ನನ್ನ ಸ್ವಂತ ಕಾರಿನ ಆಯಿಲ್ ಬದಲಿಸಲು ಕೂಡ ಬೇರೆಯವರಿಗೆ ದುಡ್ಡು ಕೊಡುತ್ತಿದ್ದ ಮೆಕ್ಯಾನಿಕಲ್ ಇಂಜಿನಿಯರ್ ನಾನು.

ಆದರೂ ಆ ವರ್ಷ ಚಳಿಗಾಲಕ್ಕೆ ಮುಂಚೆ 1992ರ ಒಂದು ಮಜ್ದಾ ಮಿಯಾಟಾ ನಮ್ಮ ಮನೆಗೆ ಬಂತು. ಓಡಿ ಬರಲಿಲ್ಲ, ಟೋ ಲಾರಿಯ ಬೆನ್ನ ಮೇಲೆ ಬಂತು. ಮಿಯಾಟಾ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಹಳೆಯ ಬ್ರಿಟಿಷ್ ಕಾರುಗಳ ಸೊಗಸನ್ನು ಜಪಾನಿನವರು 1989ರಲ್ಲಿ ತಮ್ಮ ಅಚ್ಚುಕಟ್ಟುತನದಿಂದ ಮಾಡಿ ತೋರಿಸಿದ್ದು. ಇಂಜಿನ್ ಮುಂದೆ ಉದ್ದಕ್ಕೆ ಕೂತು, ಹಿಂದಿನ ಚಕ್ರಗಳನ್ನು ಓಡಿಸುತ್ತದೆ. ಸೆವೆನ್ ಮಾದರಿಗೆ ಬೇಕಾದ್ದೂ ಅದೇ. 1600 ಸಿ.ಸಿ., 116 ಅಶ್ವಶಕ್ತಿ. ಇಂಥ ಕಾರನ್ನು ಬಿಚ್ಚುವುದು ಪಾಪವಲ್ಲವೇ ಎಂದು ನೀವು ಕೇಳಬಹುದು. ಒಂಟಾರಿಯೊದ ರಸ್ತೆಗೆ ಚಳಿಗಾಲದಲ್ಲಿ ಸುರಿಯುವ ಉಪ್ಪು ಆ ಪಾಪವನ್ನು ಆಗಲೇ ಮಾಡಿಯಾಗಿತ್ತು. ಬಾಗಿಲ ಕೆಳಗಿನ ತಗಡು, ಹಿಂದಿನ ಚಕ್ರದ ಮುಂದಿನ ಭಾಗ, ಎಲ್ಲ ಹಪ್ಪಳದಂತೆ ಪುಡಿಯಾಗುತ್ತಿತ್ತು. ಮೈ ಹೋಗಿದೆ, ಇಂಜಿನ್ ಗಟ್ಟಿಯಾಗಿದೆ, ಅಂಥದೇ ಒಳ್ಳೆಯ ದಾನಿ. ಒಳ್ಳೆಯ ಮಿಯಾಟಾವನ್ನು ದಯವಿಟ್ಟು ಯಾರೂ ಬಿಚ್ಚಬೇಡಿ.

ಬಿಚ್ಚುವುದು ಒಂದು ತಿಂಗಳ ಕೆಲಸ ಎಂದು ಲೆಕ್ಕ ಹಾಕಿದ್ದೆವು. ಹಿಂದಿನ ಸಸ್ಪೆನ್ಷನ್ನಿನ ಒಂದು ಉದ್ದನೆಯ ಬೋಲ್ಟೇ ಮೂರು ವಾರಾಂತ್ಯ ತಿಂದಿತು. ತುಕ್ಕು ಹಿಡಿದು ಒಳಗಿನ ತೋಳಿನ ಜೊತೆ ಒಂದಾಗಿಬಿಟ್ಟಿತ್ತು. ಎಣ್ಣೆ ಬಿಟ್ಟೆವು, ಬೆಂಕಿ ತೋರಿಸಿದೆವು, ಕೊನೆಗೆ ಗರಗಸದಿಂದ ಕೊಯ್ದೆವು. ವೈರಿಂಗ್ ತೆಗೆಯುವಾಗ ಒಂದೊಂದು ತುದಿಗೂ ಕಾಗದದ ಟೇಪು ಸುತ್ತಿ ಹೆಸರು ಬರೆಯಬೇಕು. ನನ್ನ ಮಗಳು ಸಂಘದ ಶನಿವಾರದ ಕನ್ನಡ ತರಗತಿಯಲ್ಲಿ ಕಲಿತವಳು. ಎಲ್ಲ ಹೆಸರುಗಳನ್ನೂ ಕನ್ನಡದಲ್ಲೇ ಬರೆದಳು: "ಎಡ ಮುಂದಿನ ದೀಪ", "ಹಾರನ್ನು", "ಪೆಟ್ರೋಲ್ ಪಂಪು". ಕನ್ನಡ ಪಾಠದ ಮೇಷ್ಟ್ರು ಇಲ್ಲೇ ಕೂತಿದ್ದಾರೆ, ಕಾಗುಣಿತದ ತಪ್ಪುಗಳನ್ನು ಅವರು ಕ್ಷಮಿಸಬೇಕು. "ಗೊತ್ತಿಲ್ಲದ ವೈರು" ಎಂಬುವು ಏಳು ಇದ್ದವು. ಈಗಲೂ ಎರಡು ಇವೆ.

ಕಿಟ್ ಬಂತು, ಹಣ ಹೋಯಿತು. ಒಟ್ಟು 12,000 ಡಾಲರ್ ಎಂದು ನನ್ನ ಹೆಂಡತಿಗೆ ಹೇಳಿದ್ದೆ. ಮುಗಿಯುವ ಹೊತ್ತಿಗೆ ಅದರ ಎರಡರಷ್ಟಾಯಿತು. ಲೆಕ್ಕದ ಪುಸ್ತಕ ಅವಳ ಬಳಿ ಇದೆ, ನೋಡಲು ನನಗೆ ಧೈರ್ಯವಿಲ್ಲ. ಇನ್ನು ನಿಮ್ಮಲ್ಲಿ ಯಾರಾದರೂ ಕೈ ಹಾಕುವುದಾದರೆ ಮೂರು ಮಾತು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಚಳಿ ಎಂದು ಗ್ಯಾರೇಜಿನ ಬಾಗಿಲು ಮುಚ್ಚಿ ಇಂಜಿನ್ ಚಾಲೂ ಮಾಡಬೇಡಿ, ಆ ಹೊಗೆ ಕೊಲ್ಲುತ್ತದೆ. ಮನೆಯಲ್ಲಿ ಕಟ್ಟಿದ ಕಾರಿನ ನೋಂದಣಿಯ ನಿಯಮಗಳು ಬದಲಾಗುತ್ತಿರುತ್ತವೆ, ಕಿಟ್ ತರಿಸುವ ಮುಂಚೆಯೇ ಸಾರಿಗೆ ಇಲಾಖೆಗೆ ಬರೆದು ಕೇಳಿ, ಪ್ರತಿಯೊಂದು ರಸೀದಿಯನ್ನೂ ಇಟ್ಟುಕೊಳ್ಳಿ.

ಈಗ ನಾನು ಇಲ್ಲಿ ನಿಂತು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ.

2018ರ ಬೇಸಿಗೆಯಲ್ಲಿ ಚೌಕಟ್ಟಿಗೆ ಇಂಜಿನ್, ಚಕ್ರ, ಸ್ಟಿಯರಿಂಗ್ ಎಲ್ಲ ಕೂತವು. ಬಾಡಿ ಇನ್ನೂ ಇಲ್ಲ. ಇದನ್ನು ಗೋ-ಕಾರ್ಟ್ ಹಂತ ಎನ್ನುತ್ತಾರೆ. ಮನೆಯ ಮುಂದಿನ ಡ್ರೈವ್‌ವೇಯಲ್ಲಿ ಹತ್ತು ಮಾರು ಓಡಿಸಿ ನೋಡೋಣವೆಂದು ನಾನು ಕೂತೆ. ಬಿಸಿಲಿತ್ತು, ತಲೆಗೆ ಒಂದು ಟವೆಲ್ ಸುತ್ತಿಕೊಂಡಿದ್ದೆ. ಮಗಳು ಫೋಟೋ ತೆಗೆದು ತೋರಿಸಿದಳು. ಆ ಫೋಟೋ ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಪೂನಾ-ಬೆಂಗಳೂರು ರಸ್ತೆಯ ಮೇಲಿನ ಊರುಗಳಿಂದ ಬಂದವರಿಗೆ ಈ ದೃಶ್ಯ ನೆನಪಿರುತ್ತದೆ. ಕಾರ್ಖಾನೆಯಿಂದ ಹೊರಟ ಟೆಲ್ಕೋ, ಲೇಲ್ಯಾಂಡ್ ಲಾರಿಗಳ ಬರಿಯ ಚಾಸಿಗಳು ಸಾಲಾಗಿ ಬರುತ್ತಿದ್ದವು. ಕ್ಯಾಬಿನ್ ಇಲ್ಲ, ಗಾಜಿಲ್ಲ. ಮರದ ಪೆಟ್ಟಿಗೆಯಂಥದರ ಮೇಲೆ ಡ್ರೈವರ್ ಕೂತು, ತಲೆಗೂ ಮುಖಕ್ಕೂ ಟವೆಲ್ ಸುತ್ತಿಕೊಂಡು, ಧೂಳಿನಲ್ಲಿ ನೂರಾರು ಮೈಲಿ ಬರುತ್ತಿದ್ದ. ಆ ಚಾಸಿಗಳಲ್ಲಿ ಕೆಲವು ದಾವಣಗೆರೆಯ ಪಿ.ಬಿ. ರಸ್ತೆಯ ಪಕ್ಕದ ಶೆಡ್ಡುಗಳ ಮುಂದೆ ನಿಲ್ಲುತ್ತಿದ್ದವು. ಅಲ್ಲಿ ಬಡಗಿಗಳು, ಟಿಂಕರ್‌ಗಳು, ಪೇಂಟರ್‌ಗಳು ಸೇರಿ ಲಾರಿಗೆ ಬಾಡಿ ಕಟ್ಟುತ್ತಿದ್ದರು. ಅದೂ ಒಂದು ಕಿಟ್ ಕಾರೇ, ಗಾತ್ರ ದೊಡ್ಡದು. ಅಂಥ ಒಂದು ಶೆಡ್ಡಿನಲ್ಲಿ ನನ್ನ ತಂದೆ ಟಿಂಕರ್ ಕೆಲಸ ಮಾಡುತ್ತಿದ್ದರು. ಮೂವತ್ತೊಂದು ವರ್ಷ.

ಈ ಸಭೆಯಲ್ಲಿ ನನ್ನನ್ನು ಬಹುಕಾಲದಿಂದ ಬಲ್ಲವರಿದ್ದೀರಿ. ನಿಮಗೆ ನಾನು ಹೇಳಿದ್ದು, "ನಮ್ಮ ತಂದೆಯವರದು ಟ್ರಾನ್ಸ್‌ಪೋರ್ಟ್ ಬಿಸಿನೆಸ್" ಎಂದು. ಅದು ಸುಳ್ಳು. ಲಾರಿ ಇತ್ತು, ನಮ್ಮದಾಗಿರಲಿಲ್ಲ.

1996ರಲ್ಲಿ ಅವರು ಒಂದು ಸಾರಿ ಇಲ್ಲಿಗೆ ಬಂದಿದ್ದರು. ಸಂಘದ ಯುಗಾದಿಗೆ ಕರೆದುಕೊಂಡು ಬಂದೆ. ಒಬ್ಬ ಹಿರಿಯರು ಪರಿಚಯ ಕೇಳಿದಾಗ ಅವರ ಎದುರಿಗೇ ನಾನು ಅದೇ ಮಾತು ಹೇಳಿದೆ. ಅಪ್ಪ ಏನೂ ಹೇಳಲಿಲ್ಲ. ಬೆರಳುಗಳ ಮೇಲೆ ತಗಡು ಕೊಯ್ದ ಗುರುತುಗಳಿದ್ದವು, ಕೈಗಳನ್ನು ಮೆಲ್ಲಗೆ ಹೆಗಲ ಮೇಲಿನ ಶಾಲಿನೊಳಕ್ಕೆ ಎಳೆದುಕೊಂಡರು. ಅವತ್ತು ರಾತ್ರಿ ಮನೆಗೆ ಬಂದ ಮೇಲೆ ಗ್ಯಾರೇಜಿನಲ್ಲಿ ಸುತ್ತಾಡಿ, ಸೂಟ್‌ಕೇಸುಗಳನ್ನೂ ಹಿಮ ಬಳಿಯುವ ಸಲಿಕೆಯನ್ನೂ ನೋಡಿ, "ಇಷ್ಟು ದೊಡ್ಡ ಜಾಗ ಐತಿ. ಒಂದು ಸ್ಪ್ಯಾನರ್ ಇಲ್ಲೇನೋ?" ಎಂದರು, ಅಷ್ಟೇ. ಎರಡು ವರ್ಷದ ನಂತರ ತೀರಿಕೊಂಡರು. ಆ ಯುಗಾದಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಫೋಟೋ ತೆಗೆದ ದಿನ ಇದನ್ನೆಲ್ಲ ನನ್ನ ಮಗಳಿಗೆ ಹೇಳಿದೆ. ಅವಳು ಬಯ್ಯಲಿಲ್ಲ. "ತಾತ ರಿವೆಟ್ ಹೇಗೆ ಹೊಡೆಯುತ್ತಿದ್ದರು, ತೋರಿಸು" ಎಂದಳು. ನನಗೆ ಗೊತ್ತಿರಲಿಲ್ಲ. ನಾನು ಶೆಡ್ಡಿಗೆ ಹೋದರೆ, "ನೀನು ಓದಿಕೋ ಹೋಗು" ಎಂದು ಅಟ್ಟುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ಬಿಡುತ್ತಿದ್ದರು. ಸುತ್ತಿಗೆ, ಕತ್ತರಿ, ಉಳಿಗಳನ್ನು ತೊಳೆದು ಸಾಲಾಗಿಟ್ಟು ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತಿದ್ದರು. ಇಲ್ಲಿ ನಾವೆಲ್ಲ ಹೋಂಡಾ, ಟೊಯೋಟಾಗಳ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಆ ವರ್ಷದಿಂದ ನಮ್ಮ ಗ್ಯಾರೇಜಿನಲ್ಲಿ ಪೂಜೆ ಸ್ಪ್ಯಾನರ್‌ಗಳಿಗೆ.

ಇನ್ನೊಂದು ಪ್ರಸಂಗ ಹೇಳಿ ಮುಗಿಸುತ್ತೇನೆ. ಬ್ರೇಕಿನ ಕೊಳವೆಗಳನ್ನು ನಾನೇ ಮಾಡಿದ್ದೆ. ಕೊಳವೆ ಕತ್ತರಿಸಿ, ನಟ್ ತೂರಿಸಿ, ತುದಿಯನ್ನು ಒಂದು ಸಾಧನದಿಂದ ಹೂವಿನಂತೆ ಅರಳಿಸಬೇಕು. ನಟ್ ತೂರಿಸಲು ಮರೆತು ಅರಳಿಸಿದರೆ ಮತ್ತೆ ಮೊದಲಿನಿಂದ. ನಾಲ್ಕು ಸಾರಿ ಮರೆತಿದ್ದೇನೆ. ಒಟ್ಟು 14 ಕೂಡುಗಳು. ಹ್ಯಾಮಿಲ್ಟನ್ನಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು 2019ರ ವಸಂತದಲ್ಲಿ ರಜೆಗೆ ಬಂದವಳು ಬ್ರೇಕ್ ಪೆಡಲ್ ಒತ್ತಿ ಹಿಡಿದು, "ಅಪ್ಪ, ಇದು ಮೆಲ್ಲಗೆ ಇಳಿಯುತ್ತಿದೆ" ಎಂದಳು. ಗಾಳಿ ಇರಬೇಕು ಎಂದೆ. ಅವಳು ಒಂದೊಂದು ಕೂಡಿಗೂ ಬಿಳಿ ಕಾಗದ ಸುತ್ತಿಟ್ಟು ಬೆಳಿಗ್ಗೆ ನೋಡಿದಳು. ಒಂದು ಕಡೆ ಒದ್ದೆ, ಹಣೆಯ ಬೊಟ್ಟಿನಷ್ಟು. ಅರ್ಧ ಸುತ್ತು ಬಿಗಿ ಮಾಡಿದರೆ ಸರಿಹೋಗುತ್ತದೆ, ಬೇಸಿಗೆಗೆ ಕಾರು ಹೊರಗೆ ಬರಬೇಕು ಎಂದು ನಾನು ಹಟ ಹಿಡಿದೆ. ಬಿಗಿ ಮಾಡಿದೆ. ತೇವ ನಿಂತಿತು ಕೂಡ. ಆದರೆ ಅವಳು, "ನೀನು ಮಾಡಿದ್ದರಲ್ಲಿ ಒಂದು ಕೆಟ್ಟಿದೆ ಎಂದರೆ ಉಳಿದ ಹದಿಮೂರನ್ನು ನಾನು ನಂಬುವುದಿಲ್ಲ. ಈ ಕಾರಿನಲ್ಲಿ ಕೂರುವವರು ನಾವೇ" ಎಂದು ಸ್ಪ್ಯಾನರ್ ಕೆಳಗಿಟ್ಟು ಒಳಗೆ ಹೋದಳು.

ನನಗೆ ಕೋಪ ಬಂತು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಎಲ್ಲವನ್ನೂ ಬಿಚ್ಚಿದೆವು. ಇನ್ನೂ ಮೂರು ತುದಿಗಳಲ್ಲಿ ಕೂದಲೆಳೆಯಂಥ ಸೀಳು ಕಂಡಿತು. ಬಿಗಿ ಮಾಡಿ ಸುಮ್ಮನಾಗಿದ್ದರೆ ಏನಾಗುತ್ತಿತ್ತೋ. ಹದಿನಾಲ್ಕನ್ನೂ ಹೊಸ ಕೊಳವೆಯಲ್ಲಿ ಅವಳೇ ಮಾಡಿದಳು, ನಾನು ಹಿಡಿದುಕೊಂಡಿದ್ದೆ. ಆ ಬೇಸಿಗೆ ಹೋಯಿತು. ಅದರ ಹಿಂದೆಯೇ ಕೋವಿಡ್ ಬಂದು ಇನ್ನೆರಡು ವರ್ಷ ಹೋದವು, ಅವಳು ಆಸ್ಪತ್ರೆಯ ಪಾಲಾದಳು. ಅಂತೂ 2022ರಲ್ಲಿ ಕಾರು ಮುಗಿಯಿತು. ಸೇಫ್ಟಿ ಸರ್ಟಿಫಿಕೇಟಿಗಾಗಿ ಪರೀಕ್ಷಿಸಿದ ಮೆಕ್ಯಾನಿಕ್ ಬ್ರೇಕಿನ ಕೊಳವೆಗಳನ್ನು ಟಾರ್ಚ್ ಹಾಕಿ ಬಹಳ ಹೊತ್ತು ನೋಡಿ, ಯಾರು ಮಾಡಿದ್ದು ಎಂದು ಕೇಳಿದ. ನಾನು ಬೆರಳು ತೋರಿಸಿದೆ. ಆಮೇಲೆ ವೈರುಗಳ ಮೇಲಿನ ಚೀಟಿ ನೋಡಿ, ಇದು ಯಾವ ಲಿಪಿ ಎಂದ. ಅದಕ್ಕೆ ಉತ್ತರ ಅವಳೇ ಕೊಟ್ಟಳು.

ದಾನಿ ಕಾರು ಹೆಚ್ಚುಕಡಿಮೆ 1,000 ಕೆ.ಜಿ. ಇತ್ತು. ಇದು ಸುಮಾರು 650. ಅದೇ ಇಂಜಿನ್, ಹೊರೆ ಮೂರನೇ ಒಂದು ಪಾಲು ಕಡಿಮೆ. ಕ್ಯಾಲೆಡನ್ ಕಡೆಯ ಏರುರಸ್ತೆಯಲ್ಲಿ ಹೇಗೆ ಓಡುತ್ತದೆ ಎಂದು ಹೇಳಿದರೆ ನನ್ನ ಹೆಂಡತಿ ಇಲ್ಲೇ ಕೇಳಿಸಿಕೊಳ್ಳುತ್ತಾಳೆ. ಮಳೆ ಬಂದರೆ ನೆನೆಯುತ್ತೇವೆ. ಸಾಮಾನು ಇಡಲು ಜಾಗವಿಲ್ಲ, ಒಂದು ಕೊತ್ತಂಬರಿ ಕಟ್ಟು ಹಿಡಿಸುತ್ತದೆ.

ನಮ್ಮ ಕಡೆ ಲಾರಿಯ ಮೈಮೇಲೆ ಬಾಡಿ ಕಟ್ಟಿದವರ ಹೆಸರು, ಊರು ಬರೆದಿರುತ್ತದೆ. ಶೆಡ್ಡಿನ ಮಾಲೀಕರದು, ಕೆಲಸಗಾರರದಲ್ಲ. ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ತಗಡು ಇದೆ. ನನ್ನ ತಂದೆಯ ಹೆಸರು, ಕೆಳಗೆ "ಟಿಂಕರ್, ದಾವಣಗೆರೆ". ಅಕ್ಷರ ಕೊರೆದವಳು ಮೊಮ್ಮಗಳು, ನಾಲ್ಕು ರಿವೆಟ್ ಹೊಡೆದವನು ನಾನು. ಒಂದು ಸೊಟ್ಟಗಿದೆ.

ಕಾರನ್ನು ಇವತ್ತು ತಂದಿದ್ದೇವೆ, ಪಾರ್ಕಿಂಗಿನ ಬಲತುದಿಯಲ್ಲಿದೆ. ಊಟವಾದ ಮೇಲೆ ಮಕ್ಕಳು ಬಂದು ಕೂತು ನೋಡಬಹುದು. ಹೊಗೆ ಕೊಳವೆ ಹೊರಗೇ ಇದೆ, ಬಿಸಿಯಿರುತ್ತದೆ, ಆ ಕಡೆಯಿಂದ ಮಾತ್ರ ಹತ್ತಬೇಡಿ.