ದೋಣಿ ಸ್ವಂತದ್ದು, ನೀರು ಎಲ್ಲರದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರಿಗೆ ದೋಣಿ ಎಂದರೆ ಕೆರೆ ತುಂಬಿದ ವರ್ಷ ಮೀನಿಗೆಂದು ಇಳಿಸುವ ಹರಿಗೋಲು. ಅಂಥ ನಮಗೆ ಯಾರಾದರೂ, ಹೊನ್ನಾವರದಿಂದ ಕಾರವಾರದವರೆಗೆ ಸ್ವಂತ ದೋಣಿಯಲ್ಲೇ ಹೋಗಿಬಂದೆ ಎಂದರೆ ಆಸೆಯಾಗುವುದು ಸಹಜ. ದುಡ್ಡಿದೆ, ಮೋಟರಿದೆ, ಮುಂದೆ ಕಡಲಿದೆ. ಇನ್ನು ಯಾರನ್ನು ಕೇಳಬೇಕು?

ಕೇಳಬೇಕು. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಹೂಳು ತುಂಬುತ್ತದೆ, ಮರಳದಿಬ್ಬ ಜಾಗ ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷ ಇರುತ್ತದೆಂದು ನಂಬುವಂತಿಲ್ಲ. ತದಡಿಯ ಬಳಿ ಅಘನಾಶಿನಿ, ಮುಂದೆ ಗಂಗಾವಳಿ, ಕಾರವಾರದಲ್ಲಿ ಕಾಳಿ; ಪ್ರತಿ ಅಳಿವೆಯ ಗುಣವೂ ಬೇರೆ. ಭರತವೂ ನಿನ್ನೆಯ ಹೊತ್ತಿಗೇ ಬರುವುದಿಲ್ಲ, ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಎಷ್ಟು ದೊಡ್ಡ ದೋಣಿಯ ಯಜಮಾನನೂ ಪಾತಿದೋಣಿಯ ಮೀನುಗಾರನನ್ನು "ಅಣ್ಣಾ, ಯಾವ ಕಡೆಯಿಂದ ಒಳಗೆ ಬರಲಿ?" ಎಂದು ಕೇಳಿಯೇ ದಡ ಸೇರಬೇಕು.

ಯಂತ್ರದ ದೋಣಿಯ ಮೀನುಗಾರರಿಗೂ ಒಂದು ಕಟ್ಟುಪಾಡಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ ಅದು. ದೋಣಿ ಸ್ವಂತದ್ದು, ಬಲೆ ಸ್ವಂತದ್ದು, ಸಾಲವೂ ಸ್ವಂತದ್ದೇ. ಆದರೂ ದಡಕ್ಕೆ ಕಟ್ಟಿಡುತ್ತಾರೆ. ಇಂದು ಬಿಟ್ಟದ್ದು ನಾಳೆ ಎಲ್ಲರ ಬಲೆಗೂ ಬೀಳಬೇಕಲ್ಲ.

ಈಗ ನಮ್ಮ ಸೀಮೆಗೆ ಬರೋಣ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿಯನ್ನು ಸೇರುವ ನದಿ. ಹೆಚ್ಚು ದಿನ ಅದರಲ್ಲಿ ಕಾಣುವುದು ಮರಳೇ. ನಾವು ನಂಬಿರುವುದು ಬೋರ್‌ವೆಲ್ಲನ್ನು. ಜಮೀನು ನನ್ನದು, ಕೊರೆಸಿದ ದುಡ್ಡು ನನ್ನದು, ಪಂಪು ನನ್ನದು. ನೀರು? ನಮ್ಮದು ಗಟ್ಟಿ ಬಂಡೆಯ ನೆಲ, ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ಬಿರುಕಿಗೆ ಪಹಣಿಯ ಗಡಿ ಗೊತ್ತಿಲ್ಲ. ನಾನು ಇನ್ನಷ್ಟು ಆಳಕ್ಕೆ ಇಳಿದರೆ ಪಕ್ಕದ ಹೊಲದ ಬೋರು ಒಣಗಬಹುದು. ಆಳದ ನೀರಿನ ಫ್ಲೋರೈಡು ಏನು ಮಾಡುತ್ತದೆಂದು ಪಾವಗಡದವರಿಗೆ ಹೇಳಿಕೊಡಬೇಕಿಲ್ಲ.

ಕೆರೆಗೆ ನೀರುಗಂಟಿ ಇದ್ದ ಕಾಲದಲ್ಲಿ ಯಾರ ಗದ್ದೆಗೆ ಯಾವಾಗ ನೀರು ಎಂಬುದು ಊರಿಗೆಲ್ಲ ಗೊತ್ತಿತ್ತು. ಕಡಿಮೆ ಮಳೆಯ ವರ್ಷ ಎಲ್ಲರ ಪಾಲೂ ಕಡಿಮೆ. ಕೊಳವೆಬಾವಿಗೆ ಅಂಥ ನೀರುಗಂಟಿ ಇಲ್ಲ. ಸ್ವಿಚ್ ಒತ್ತುವವನೇ ಅಲ್ಲಿ ಯಜಮಾನ.

ಹಾಗಾದರೆ ನೀರುಗಂಟಿಯ ಕೆಲಸ ನಮ್ಮದೇ. ಹೊಸ ಬೋರು ಕೊರೆಸುವ ಮುನ್ನ ಅಕ್ಕಪಕ್ಕದ ಹೊಲದವರ ಜೊತೆ ಒಮ್ಮೆ ಕೂತು ಮಾತಾಡೋಣ. ಮಳೆ ಕೈಕೊಟ್ಟ ವರ್ಷ ಭತ್ತವನ್ನು ಯಾರು ಎಷ್ಟು ಬೆಳೆಯಬೇಕೆಂದು ಊರವರೇ ಕೂಡಿ ತೀರ್ಮಾನಿಸೋಣ. ಎರಡು ತಿಂಗಳು ದೋಣಿ ಕಟ್ಟಿಡುವುದು ಕಡಲಿನವರಿಗೆ ಸಾಧ್ಯವಾಗಿದೆ. ದಿನಕ್ಕೆ ಕೆಲವು ಗಂಟೆ ಪಂಪು ನಿಲ್ಲಿಸುವುದು ನಮಗೆ ಆಗದ ಕೆಲಸವೇನಲ್ಲ.