ಕಪ್ಪು ಮದರಂಗಿ ಮತ್ತು ನಮ್ಮ ಹೊಣೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಅನುಚರರ ಮೇಲೂ ಅವನ ಕರುಣೆ, ಶಾಂತಿ ಇರಲಿ.

ಸಹೋದರ ಸಹೋದರಿಯರೇ,

ಈದ್‌ನ ಚಂದ್ರದರ್ಶನವಾಯಿತೆಂದು ತಿಳಿದ ಕೂಡಲೇ ನಮ್ಮ ಮನೆಗಳಲ್ಲಿ ಮಕ್ಕಳು ಮದರಂಗಿಗಾಗಿ ಕೈ ಚಾಚಿ ಕೂರುತ್ತಾರೆ. ನಿಕಾಹ್‌ನ ಹಿಂದಿನ ರಾತ್ರಿ ವಧುವಿನ ಕೈತುಂಬ ಬಣ್ಣ. ಇದು ಹಲಾಲ್ ಆದ ಸಂತೋಷ, ಇದನ್ನು ಯಾರೂ ಕಸಿಯಬೇಕಿಲ್ಲ. ಆದರೆ ಕಳೆದ ಈದ್‌ನ ವಾರ ನಮ್ಮ ಜಮಾಅತ್‌ನ ಒಂದು ಮನೆಯಲ್ಲಿ ಕಂಡದ್ದನ್ನು ಇಂದು ಹೇಳದೆ ಇರಲಾರೆವು. ಏಳು ವರ್ಷದ ಹುಡುಗಿಯ ಕೈ ಮೇಲೆ, ಬಳ್ಳಿ ಬಿಡಿಸಿದ್ದ ಗೆರೆಯುದ್ದಕ್ಕೂ ನೀರುಗುಳ್ಳೆಗಳು ಎದ್ದಿದ್ದವು. ‘ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆ ಅಂದಿದ್ದರು’ ಎಂದು ತಾಯಿ ಅಳುತ್ತಿದ್ದರು. ಆ ಕೋನನ್ನು ತರಿಸಿ ನೋಡಿದೆವು. ಹೊರಗೆ ಚೆಂದದ ಹೂವಿನ ಚಿತ್ರ. ಒಳಗೆ ಏನಿದೆ ಎಂಬ ಬಗ್ಗೆ ಒಂದಕ್ಷರವೂ ಇಲ್ಲ.

ಮದರಂಗಿ ಎಲೆಯ ಸ್ವಭಾವವನ್ನು ನಮ್ಮ ಅಜ್ಜಿಯಂದಿರು ಚೆನ್ನಾಗಿ ಬಲ್ಲರು. ಅರೆದು ಹಚ್ಚಿ ಹಲವು ಗಂಟೆ ಬಿಡಬೇಕು. ತೊಳೆದಾಗ ಕಿತ್ತಳೆ ಬಣ್ಣ, ಒಂದೆರಡು ದಿನದಲ್ಲಿ ಅದು ಕೆಂಗಂದಾಗುತ್ತದೆ. ಕಾಡಿಗೆಯಂಥ ಕಪ್ಪು ಎಲೆಯಿಂದ ಬರುವುದಿಲ್ಲ. ಕಲಸಿದ ಮದರಂಗಿ ಕೆಲವೇ ದಿನಗಳಲ್ಲಿ ಬಣ್ಣ ಕೊಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಾಗಿರುವಾಗ, ಅಂಗಡಿಯ ಗೂಟಕ್ಕೆ ತಿಂಗಳುಗಟ್ಟಲೆ ನೇತಾಡಿದ ಕೋನ್ ಅರ್ಧ ಗಂಟೆಯಲ್ಲಿ ಕಪ್ಪು ಬಣ್ಣ ಕೊಟ್ಟರೆ, ಅದರಲ್ಲಿ ಬೇರೇನೋ ಇದೆ ಎಂದೇ ಅರ್ಥ.

ಅಂಥ ‘ಬ್ಲ್ಯಾಕ್ ಮೆಹಂದಿ’ಯಲ್ಲಿ ಹೆಚ್ಚಾಗಿ ಬೆರೆಸುವುದು ಪಿಪಿಡಿ ಎಂಬ ರಾಸಾಯನಿಕ. ಇದು ತಲೆಗೂದಲಿನ ಬಣ್ಣಕ್ಕೆ ಬಳಸುವ ವಸ್ತು. ಯುರೋಪಿಯನ್ ಒಕ್ಕೂಟದಲ್ಲಿ ಕೂದಲಿಗೆ ಹಚ್ಚುವ ಬಣ್ಣದಲ್ಲೇ ಇದು ಶೇ. 2ನ್ನು ಮೀರುವಂತಿಲ್ಲ, ಚರ್ಮಕ್ಕೆ ಹಚ್ಚಲು ಅನುಮತಿಯೇ ಇಲ್ಲ. ಇದರ ತೊಂದರೆ ಕೆಲವೊಮ್ಮೆ ಅದೇ ದಿನ, ಕೆಲವೊಮ್ಮೆ ಒಂದೆರಡು ವಾರದ ಬಳಿಕ ಕಾಣುತ್ತದೆ. ತುರಿಕೆ, ಉರಿ, ಬಾವು, ಗುಳ್ಳೆ ಬರುತ್ತವೆ. ಗಾಯ ಮಾಸಿದ ಮೇಲೂ ಕಲೆ ಉಳಿಯಬಹುದು. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಒಮ್ಮೆ ಅಲರ್ಜಿ ಅಂಟಿಕೊಂಡರೆ ಅದು ಸಾಮಾನ್ಯವಾಗಿ ಜೀವನಪರ್ಯಂತ ಇರುತ್ತದೆ. ಇಂದು ಕೈ ಸುಟ್ಟುಕೊಂಡ ಮಗು ಮುಂದೆ ಇಪ್ಪತ್ತು ವರ್ಷದ ಬಳಿಕ ಕೂದಲಿಗೆ ಬಣ್ಣ ಹಚ್ಚಿಕೊಂಡಾಗ ಮುಖ ಊದಿ ಆಸ್ಪತ್ರೆ ಸೇರಬೇಕಾಗಬಹುದು.

ಪ್ರವಾದಿ(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ರಾಶಿ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಒದ್ದೆ ಧಾನ್ಯವನ್ನು ಮೇಲೆಯೇ ಇಡಬೇಕಿತ್ತಲ್ಲವೇ ಎಂದು ಕೇಳಿದರು; ವಂಚಿಸುವವನು ತಮ್ಮವನಲ್ಲ ಎಂದೂ ಎಚ್ಚರಿಸಿದರು. ಒಳಗಿನದ್ದನ್ನು ಬರೆಯದ ಕೋನ್ ಕೂಡ ಅಂಥದ್ದೇ ಒಂದು ರಾಶಿ. ಒದ್ದೆ ಧಾನ್ಯದಿಂದ ಹಣ ನಷ್ಟ, ಇದರಿಂದ ಮಗುವಿನ ಚರ್ಮವೇ ನಷ್ಟ.

ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಆ ಕೋನ್ ಮಾರಿದವರು ಹೊರಗಿನವರಲ್ಲ, ನಮ್ಮವರೇ. ‘ಬಡವರ ಹೊಟ್ಟೆಪಾಡು, ಸುಮ್ಮನಿರೋಣ’ ಎಂದು ನಾವೂ ಕೆಲ ದಿನ ಸುಮ್ಮನಿದ್ದೆವು. ಅದು ನಮ್ಮ ತಪ್ಪು. ಮದರಂಗಿ ಹಚ್ಚಿ ಸಂಸಾರ ಸಾಗಿಸುವ ಸಹೋದರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರ ದುಡಿಮೆ ಗೌರವದ್ದು. ಅವರಲ್ಲಿ ಹೆಚ್ಚಿನವರಿಗೆ ತಾವು ತರುವ ಪುಡಿಯಲ್ಲಿ ಏನಿದೆಯೆಂದೇ ತಿಳಿದಿರುವುದಿಲ್ಲ. ಅವರನ್ನು ಅವಮಾನಿಸದೆ ತಿಳಿಹೇಳೋಣ. ಎಲೆಯ ಪುಡಿಯಿಂದ ತಾವೇ ಕಲಸಿಕೊಡುವವರಿಗೆ ಹತ್ತು ರೂಪಾಯಿ ಹೆಚ್ಚೇ ಕೊಡೋಣ. ತಿಳಿದ ಮೇಲೂ ಮಾರುವವರಿಗೆ ಮಾತ್ರ ಅಲ್ಲಾಹನ ಮುಂದೆ ಉತ್ತರ ಹೇಳಬೇಕಾದ ದಿನವನ್ನು ನೆನಪಿಸೋಣ.

ಮನೆಗಳಲ್ಲಿ ಇಷ್ಟು ಪಾಲಿಸೋಣ. ಒಳಗಿನ ವಸ್ತುಗಳ ಹೆಸರಿಲ್ಲದ ಕೋನ್ ಬೇಡ. ಕಪ್ಪು ಬಣ್ಣದ ಆಸೆಗೆ ಹೇರ್‌ಡೈ ಬೆರೆಸುವುದು ಬೇಡವೇ ಬೇಡ. ಹಸುಗೂಸುಗಳಿಗೆ ಅಪ್ಪಟ ಮದರಂಗಿಯೂ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಉರಿ ಶುರುವಾದರೆ ಕೂಡಲೇ ನೀರಿನಲ್ಲಿ ತೊಳೆಯಿರಿ, ಗುಳ್ಳೆ ಒಡೆಯಬೇಡಿ, ವೈದ್ಯರಿಗೆ ತೋರಿಸಿ. ಮುಖ ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಮಗುವಿಗೆ ಇಂಥ ಅಲರ್ಜಿ ಆಗಿದೆಯೆಂದು ಬರೆದಿಡಿ, ಮುಂದೆ ಯಾವ ವೈದ್ಯರ ಬಳಿ ಹೋದರೂ ತಿಳಿಸಿ.

ದೇಹ ನಮ್ಮ ಸೊತ್ತಲ್ಲ, ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್. ದುಆಗಾಗಿ ಎತ್ತುವ ಆ ಪುಟ್ಟ ಕೈಗಳ ಕಾವಲು ನಮ್ಮ ಹೊಣೆ. ಒಳಿತನ್ನು ಮಾರುವ, ಒಳಿತನ್ನೇ ಕೊಳ್ಳುವ ವಿವೇಕವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.