ಅಕ್ಕ ಉಳಿಸಿದ ದನಿ: ಲಿಲಿ ಬುಲಾಂಝೆಯ ಸಂಗೀತ ಕೇಳುತ್ತಾ



"ನನಗೆ ಪ್ರಿಯವಾದ ಸಂಗೀತ" ಎನ್ನುವುದು ಈ ಸಲದ ವಿಷಯ. ನನಗಿಂತ ಮೊದಲು ಮಾತಾಡಿದವರು ದಾಸರ ಪದಗಳ ಬಗ್ಗೆ, ಭಾವಗೀತೆಗಳ ಬಗ್ಗೆ ಸೊಗಸಾಗಿ ಹೇಳಿದರು. ನಾನು ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ, ನೂರು ವರ್ಷದ ಹಿಂದಿನ ಪ್ಯಾರಿಸ್ಸಿಗೆ. ಅಲ್ಲಿದ್ದ ಇಬ್ಬರು ಅಕ್ಕತಂಗಿಯರ ಕಥೆ ಇದು. ತಂಗಿ ಸಂಗೀತ ಬರೆದಳು, ಅಕ್ಕ ಅದನ್ನು ಉಳಿಸಿದರು.

ನಾನು ಸಂಗೀತ ವಿದುಷಿ ಅಲ್ಲ. ಇಲ್ಲೇ ಪುಣೆಯ ಐಟಿ ಕಂಪನಿಯೊಂದರಲ್ಲಿ ಕೆಲಸ. ಎಂ.ಟೆಕ್‌ನಲ್ಲಿ ಓದಿದ್ದು ಸಿಗ್ನಲ್ ಪ್ರೊಸೆಸಿಂಗ್, ಅಂದರೆ ಧ್ವನಿಯನ್ನು ಅಂಕಿಗಳಾಗಿ ನೋಡುವ ವಿದ್ಯೆ. ಹಿಂಜವಡಿಗೆ ಹೋಗಿಬರುವ ಟ್ರಾಫಿಕ್ಕಿನಲ್ಲಿ ದಿನಕ್ಕೆ ಎರಡು ಗಂಟೆ ಹೆಡ್‌ಫೋನ್ ಕಿವಿಯಲ್ಲಿರುತ್ತದೆ. ಅದೇ ನನ್ನ ಸಂಗೀತ ಪಾಠಶಾಲೆ. ಎರಡು ವರ್ಷದಿಂದ ಅಲ್ಲಿ ನಾನು ಹೆಚ್ಚಾಗಿ ಕೇಳುತ್ತಿರುವುದು ಲಿಲಿ ಬುಲಾಂಝೆ ಎಂಬ ಫ್ರೆಂಚ್ ಸಂಯೋಜಕಿಯ ಕೃತಿಗಳನ್ನು. ಬುಲಾಂಝೆ ಎಂದರೆ ಫ್ರೆಂಚಿನಲ್ಲಿ ಬ್ರೆಡ್ ಮಾಡುವವರು, ನಮ್ಮ ಲೆಕ್ಕದಲ್ಲಿ ಬೇಕರಿಯವರು. ಅಕ್ಕನ ಹೆಸರು ನಾದಿಯಾ. ನಮ್ಮ ಕಿವಿಗೆ ಅದರಲ್ಲಿ ನಾದವೇ ಕೇಳಿಸುತ್ತದೆ.

ನಾದಿಯಾ ಹುಟ್ಟಿದ್ದು 1887ರಲ್ಲಿ, ಲಿಲಿ 1893ರ ಆಗಸ್ಟ್ 21ರಂದು. ನಾದಿಯಾ ಅವರು 92 ವರ್ಷ ಬದುಕಿದರು. ಲಿಲಿಗೆ 25 ತುಂಬಲಿಲ್ಲ. ಅದಕ್ಕೇ ನಾನು ನಾದಿಯಾ ಅವರನ್ನು ಬಹುವಚನದಲ್ಲೂ ಲಿಲಿಯನ್ನು ಏಕವಚನದಲ್ಲೂ ಕರೆಯುತ್ತೇನೆ. ನನಗಿಂತ ಹತ್ತು ವರ್ಷ ಚಿಕ್ಕವಳು, ನಮ್ಮ ಆಫೀಸಿಗೆ ಹೊಸದಾಗಿ ಸೇರುವ ಹುಡುಗಿಯರ ವಯಸ್ಸು. "ಅವರು" ಎನ್ನಲು ಬಾಯಿ ಬರುವುದಿಲ್ಲ.

ತಂದೆ ಅರ್ನೆಸ್ಟ್ ಬುಲಾಂಝೆ ಸಂಯೋಜಕರು, ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಗಾಯನದ ಮೇಷ್ಟ್ರು. ಲಿಲಿ ಹುಟ್ಟಿದಾಗ ಅವರಿಗೆ 77 ವರ್ಷ. ಅವಳಿಗೆ ಆರು ವರ್ಷವಾಗಿದ್ದಾಗ, 1900ರಲ್ಲಿ, ತೀರಿಕೊಂಡರು. ಎರಡನೇ ವಯಸ್ಸಿನಲ್ಲಿ ಬಂದ ನ್ಯುಮೋನಿಯಾದಿಂದ ಲಿಲಿಯ ಆರೋಗ್ಯ ಕೆಟ್ಟಿತ್ತು. ಅಲ್ಲಿಂದ ಮುಂದೆ ಸದಾ ಕಾಯಿಲೆ. ಕ್ರಮವಾಗಿ ಶಾಲೆಗೆ ಹೋಗಲಾಗಲಿಲ್ಲ. ಆದರೂ ಬರೆಯುವುದನ್ನು ಬಿಡಲಿಲ್ಲ.

ಆಗ ಫ್ರಾನ್ಸಿನಲ್ಲಿ ಸಂಗೀತ ಸಂಯೋಜಕರಿಗೆ ಅತಿ ದೊಡ್ಡ ಬಹುಮಾನ ಎಂದರೆ ಪ್ರಿ ದ ರೋಮ್. ಸಂಗೀತಕ್ಕೆ ಅದನ್ನು ಕೊಡಲು ಶುರುಮಾಡಿದ್ದು 1803ರಲ್ಲಿ. ಹೆಣ್ಣುಮಕ್ಕಳು ಸ್ಪರ್ಧಿಸಬಹುದು ಎಂದು ಒಪ್ಪಿದ್ದು 1903ರಲ್ಲಿ, ಸರಿಯಾಗಿ ನೂರು ವರ್ಷ ಕಳೆದ ಮೇಲೆ. ತಂದೆ ಅದನ್ನು 1835ರಲ್ಲಿ ಗೆದ್ದಿದ್ದರು. ನಾದಿಯಾ ಅವರಿಗೆ 1908ರಲ್ಲಿ ಎರಡನೇ ದರ್ಜೆಯ ಬಹುಮಾನ ಬಂತು, ಮೊದಲನೆಯದು ಸಿಗಲಿಲ್ಲ. 1912ರಲ್ಲಿ ಲಿಲಿ ಕುಳಿತಳು, ಕಾಯಿಲೆಯಿಂದ ಅರ್ಧಕ್ಕೇ ಏಳಬೇಕಾಯಿತು. ಮರುವರ್ಷ ಮತ್ತೆ ಹೋದಳು. ಕೊನೆಯ ಸುತ್ತಿನವರನ್ನು ಕಾಂಪಿಯೆನ್ ಅರಮನೆಯಲ್ಲಿ ಹೊರಗಿನವರ ಸಂಪರ್ಕವಿಲ್ಲದೆ ಇರಿಸುತ್ತಿದ್ದರು. ಕೊಟ್ಟ ಪಠ್ಯಕ್ಕೆ ಕೆಲವೇ ವಾರಗಳಲ್ಲಿ ಗಾಯಕರಿಗೂ ವಾದ್ಯವೃಂದಕ್ಕೂ ಒಂದು ಇಡೀ ಕೃತಿ ಬರೆಯಬೇಕು. ಲಿಲಿ ಬರೆದದ್ದು "ಫೌಸ್ಟ್ ಮತ್ತು ಹೆಲೆನ್". 1913ರ ಜುಲೈನಲ್ಲಿ ಮೊದಲ ಬಹುಮಾನ ಅವಳಿಗೇ ಬಂತು. ಸಂಗೀತದಲ್ಲಿ ಅದನ್ನು ಗೆದ್ದ ಮೊದಲ ಹೆಣ್ಣು ಲಿಲಿ. ಆಗ ಅವಳಿಗೆ 19 ವರ್ಷ.

1918ರ ಮಾರ್ಚ್ 15ರಂದು ಲಿಲಿ ತೀರಿಕೊಂಡಳು. ಹತ್ತು ದಿನದ ನಂತರ, ಅದೇ 25ರಂದು, ಫ್ರಾನ್ಸಿನ ಮಹಾನ್ ಸಂಯೋಜಕ ದೆಬುಸ್ಸಿ ಕೂಡ.

ಇಷ್ಟು ಹೇಳಿದರೆ ಕೇಳಿದವರೆಲ್ಲ ಒಂದೇ ಮಾತಾಡುತ್ತಾರೆ: "ಅಯ್ಯೋ ಪಾಪ, ಬದುಕಿದ್ದರೆ ಇನ್ನೂ ಏನೇನು ಬರೆಯುತ್ತಿದ್ದಳೋ!" ನಮ್ಮ ಅಮ್ಮನೂ ಅದನ್ನೇ ಹೇಳಿದರು. ಪ್ರೀತಿಯಿಂದ ಬಂದ ಮಾತೇ. ಆದರೆ ಅದರಿಂದ ಒಂದು ತೊಂದರೆಯಿದೆ. "ಪಾಪ" ಎಂದ ತಕ್ಷಣ ನಮ್ಮ ಗಮನ ಅವಳು ಬರೆಯದೇ ಹೋದದ್ದರ ಕಡೆಗೆ ತಿರುಗುತ್ತದೆ, ಬರೆದಿಟ್ಟದ್ದು ಹಾಗೇ ಉಳಿಯುತ್ತದೆ. ದೊಡ್ಡ ಸಂಯೋಜಕರ ವಿಷಯದಲ್ಲಿ "ಏನು ಬರೆದಿದ್ದಾರೆ, ಯಾವುದನ್ನು ಮೊದಲು ಕೇಳಲಿ" ಎಂದು ಕೇಳುತ್ತೇವೆ. ಲಿಲಿಗೂ ಅದೇ ಪ್ರಶ್ನೆ ಸಲ್ಲಬೇಕು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ಹಾಗಾದರೆ ಯಾವುದನ್ನು ಮೊದಲು ಕೇಳಬೇಕು? ಎರಡು ಚಿಕ್ಕ ಕೃತಿಗಳಿಂದ ಶುರುಮಾಡಿ. ಒಂದು "ದಂ ಮತ್ಯಾಂ ದ ಪ್ರ್ಯಾಂತಾಂ", ವಸಂತದ ಒಂದು ಬೆಳಗು. ಐದೇ ನಿಮಿಷ. ಇನ್ನೊಂದು "ದಂ ಸ್ವಾರ್ ತ್ರಿಸ್ತ್", ದುಃಖದ ಒಂದು ಸಂಜೆ. ಹನ್ನೊಂದು, ಹನ್ನೆರಡು ನಿಮಿಷ. ಎರಡೂ ಕೊನೆಯ ದಿನಗಳಲ್ಲಿ, 1917-18ರಲ್ಲಿ ಬರೆದವು. ಎರಡಕ್ಕೂ ಮೂಲದ ಸ್ವರಗುಚ್ಛ ಒಂದೇ. ಬೆಳಗಿನಲ್ಲಿ ಅದು ಜಿಗಿಯುತ್ತದೆ, ಸಂಜೆಯಲ್ಲಿ ಕಾಲೆಳೆದುಕೊಂಡು ನಡೆಯುತ್ತದೆ. ಒಂದೇ ರಾಗದಲ್ಲಿ ಒಬ್ಬರು ಚುರುಕಾದ ತಿಲ್ಲಾನ ಹಾಡಿ, ಇನ್ನೊಬ್ಬರು ವಿಳಂಬದಲ್ಲಿ ಕೀರ್ತನೆ ಹಾಡಿದಂತೆ ಎಂದುಕೊಳ್ಳಿ. ಎರಡಕ್ಕೂ ಲಿಲಿಯೇ ಬೇರೆ ಬೇರೆ ರೂಪ ಕೊಟ್ಟಿದ್ದಾಳೆ: ಪಿಯಾನೊ, ಪಿಟೀಲು, ಚೆಲ್ಲೋ ಮೂರೇ ವಾದ್ಯಗಳಿಗೆ ಒಂದು, ಪೂರ್ಣ ವಾದ್ಯವೃಂದಕ್ಕೆ ಒಂದು. ಮೊದಲು ಮೂರು ವಾದ್ಯಗಳದ್ದನ್ನು ಕೇಳಿ. ಮನೆಯ ಪಡಸಾಲೆಯಲ್ಲಿ ಕುಳಿತು ನುಡಿಸಿದ ಹಾಗಿರುತ್ತದೆ, ಯಾವ ಎಳೆ ಎಲ್ಲಿಗೆ ಹೋಯಿತು ಎಂದು ತಿಳಿಯುತ್ತದೆ. ಆಮೇಲೆ ವಾದ್ಯವೃಂದದ್ದನ್ನು ಕೇಳಿದರೆ ಅದೇ ಎಳೆಗಳಿಗೆ ಬಣ್ಣ ಬಂದದ್ದು ಗೊತ್ತಾಗುತ್ತದೆ.

ಮುಂದಿನ ಮೆಟ್ಟಿಲು ದೊಡ್ಡದು. "ದ್ಯು ಫೋಂ ದ ಲಾಬೀಮ್", ಪಾತಾಳದ ಆಳದಿಂದ. ಬೈಬಲ್ಲಿನ 130ನೇ ಕೀರ್ತನೆಗೆ ಬರೆದದ್ದು, ಸುಮಾರು 25 ನಿಮಿಷ. ತಂದೆಯ ನೆನಪಿಗೆ ಅರ್ಪಿಸಿದ್ದಾಳೆ. ಚೆಲ್ಲೋ, ಟ್ಯೂಬಾದಂಥ ಕೆಳಸ್ಥಾಯಿಯ ವಾದ್ಯಗಳಿಂದ ಕತ್ತಲಲ್ಲಿ ಶುರುವಾಗಿ, ಕೋರಸ್ಸು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬರುತ್ತದೆ.

ಇದರ ನಾಲ್ಕು ಧ್ವನಿಮುದ್ರಿಕೆಗಳನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಮೊದಲನೆಯದು ಇಗೋರ್ ಮಾರ್ಕೆವಿಚ್ ಪ್ಯಾರಿಸ್ಸಿನ ಲಮುರೂ ವಾದ್ಯವೃಂದದೊಂದಿಗೆ ಮಾಡಿದ್ದು. ಲಿಲಿ ತೀರಿಕೊಂಡು ಸುಮಾರು 40 ವರ್ಷವಾದ ಮೇಲಿನದು. ಎರಡನೆಯದು 1968ರ ಅಕ್ಟೋಬರ್‌ನಲ್ಲಿ ಲಂಡನ್ ಅಂಚಿನ ಕ್ರಾಯ್ಡನ್‌ನಲ್ಲಿ ಬಿಬಿಸಿ ಸಿಂಫನಿ ವಾದ್ಯವೃಂದ ನಡೆಸಿದ ಕಛೇರಿಯದು. ಮೂರನೆಯದು ಯಾನ್ ಪಾಸ್ಕಲ್ ತೋರ್ತೆಲಿಯೆ ಅವರದು, ಬಿಬಿಸಿ ಫಿಲ್‌ಹಾರ್ಮೋನಿಕ್‌ನೊಂದಿಗೆ, 1999ರಲ್ಲಿ ಬಂದದ್ದು. ನಾಲ್ಕನೆಯದು 2002ರಲ್ಲಿ ಬಂದ ಜಾನ್ ಎಲಿಯಟ್ ಗಾರ್ಡಿನರ್ ಅವರದು. ಗಾರ್ಡಿನರ್ ಅದೇ ಸಿಡಿಯಲ್ಲಿ ಸ್ಟ್ರಾವಿನ್‌ಸ್ಕಿಯ "ಸಿಂಫನಿ ಆಫ್ ಸಾಮ್ಸ್" ಕೂಡ ಇಟ್ಟಿದ್ದಾರೆ. ಅದು 1930ರ ಕೃತಿ, ಜಗತ್ತು ಕೊಂಡಾಡುವಂಥದ್ದು. ಅದರ ಪಕ್ಕದಲ್ಲಿ ಲಿಲಿಯ ಸಂಗೀತ ಯಾರ ಅನುಕಂಪವನ್ನೂ ಕೇಳದೆ ನಿಲ್ಲುತ್ತದೆ.

ನನ್ನ ಓದಿನ ಒಂದು ಸಣ್ಣ ಮಾತು. ಟೇಪಿನ ಕಾಲದಲ್ಲಿ ಅತಿ ಮೆಲುದನಿ ಟೇಪಿನದೇ "ಸ್‌ಸ್" ಸದ್ದಿನಲ್ಲಿ ಮುಳುಗುತ್ತಿತ್ತು, ಅತಿ ಜೋರಾದದ್ದು ಒಡೆಯುತ್ತಿತ್ತು. ಡಿಜಿಟಲ್‌ನಲ್ಲಿ ಈ ಎರಡರ ನಡುವೆ ಜಾಗ ಹೆಚ್ಚು. ಕತ್ತಲಲ್ಲಿ ಪಿಸುಗುಟ್ಟಿ ಶುರುವಾಗಿ ಕೊನೆಗೆ ಗೋಡೆ ನಡುಗಿಸುವ ಇಂಥ ಕೃತಿಗೆ ಆ ಜಾಗ ಬೇಕು. ಆದ್ದರಿಂದ ಮೊದಲ ಸಲ ಕೇಳುವವರಿಗೆ ತೋರ್ತೆಲಿಯೆ ಅಥವಾ ಗಾರ್ಡಿನರ್ ಒಳ್ಳೆಯದು. ಮನಸ್ಸಿಗೆ ಹತ್ತಿದ ಮೇಲೆ ಹಳೆಯ ಎರಡನ್ನು ಕೇಳಿ, ಸದ್ದು ಒರಟಾದರೂ ಪರವಾಗಿಲ್ಲ.

ಯಾಕೆ ಅಂತೀರಾ? 1968ರ ಆ ಕಛೇರಿಯನ್ನು ನಿರ್ದೇಶಿಸಿದವರು ನಾದಿಯಾ ಅವರೇ. ಅವರಿಗಾಗ 81 ವರ್ಷ. ತಂಗಿ ಹೋಗಿ 50 ವರ್ಷ. ಅದರಲ್ಲಿ ಅಬ್ಬರ ಇಲ್ಲ, ಗೋಳಾಟವೂ ಇಲ್ಲ. ಬರೆದದ್ದನ್ನು ಬರೆದ ಹಾಗೆ ಒಪ್ಪಿಸುವ ಶಿಸ್ತು ಇದೆ.

ಇನ್ನೊಂದು ವಿಷಯ ನನಗೆ ಮುದ್ರಿಕೆಗಳ ಹಿಂದಿನ ಹೆಸರುಗಳನ್ನು ಜೋಡಿಸುತ್ತಾ ಹೋದಾಗ ಹೊಳೆಯಿತು. ಮಾರ್ಕೆವಿಚ್ ನಾದಿಯಾ ಅವರ ಶಿಷ್ಯ. ತೋರ್ತೆಲಿಯೆ ನಾದಿಯಾ ಅವರ ಶಿಷ್ಯ. ಗಾರ್ಡಿನರ್ ಇಂಗ್ಲೆಂಡಿನಿಂದ ಪ್ಯಾರಿಸ್ಸಿಗೆ ಹೋಗಿ ಕಲಿತದ್ದೂ ಅವರ ಹತ್ತಿರವೇ. ನಾಲ್ಕರಲ್ಲಿ ಒಂದು ಗುರುವಿನದು, ಮೂರು ಶಿಷ್ಯರದು! ಗುರುಮುಖದಿಂದ ಪಾಠಾಂತರ ಉಳಿಯುವುದು ನಮಗೆ ಹೊಸದಲ್ಲ. ಸ್ವರ ಬರೆದಿಡುವ ಪದ್ಧತಿ ಅಷ್ಟು ಗಟ್ಟಿಯಾಗಿರುವ ಯೂರೋಪಿನಲ್ಲೂ ಬರೀ ಕಾಗದ ಸಾಕಾಗಲಿಲ್ಲ. ಇದು ನುಡಿಸಲು ಯೋಗ್ಯ ಎಂದು ನಂಬುವ ಜನ ಬೇಕಾಯಿತು.

ಈಗ ನಮ್ಮ ಕಡೆಗೆ ಒಂದು ಎಳೆ. ಲಿಲಿಯ ಒಂದು ಕೃತಿಯ ಹೆಸರು "ವಿಯೇಯ್ ಪ್ರಿಯೇರ್ ಬುದ್ದೀಕ್", ಹಳೆಯ ಬೌದ್ಧ ಪ್ರಾರ್ಥನೆ. ಒಬ್ಬ ಗಾಯಕ, ಕೋರಸ್ಸು, ವಾದ್ಯವೃಂದ. ಎಂಟು ನಿಮಿಷ. ಇದರ ಮಾತುಗಳು ಬಂದದ್ದು ಬುದ್ಧಘೋಷ ಪಾಲಿಯಲ್ಲಿ ಬರೆದ "ವಿಸುದ್ಧಿಮಗ್ಗ"ದಿಂದ, ಮೈತ್ರಿಭಾವನೆಯ ಭಾಗದಿಂದ. ಫ್ರೆಂಚಿಗೆ ತಂದವರು ಸುಝಾನ್ ಕಾರ್ಪೆಲೆಸ್. ಅವರೂ ಲಿಲಿಯ ತಲೆಮಾರಿನ ಹೆಣ್ಣುಮಗಳು. ಮುಂದೆ ಕಾಂಬೋಡಿಯಾದ ಬೌದ್ಧ ಸಂಸ್ಥೆಯಲ್ಲಿ ದುಡಿದು, ಕೊನೆಯ ವರ್ಷಗಳನ್ನು ನಮ್ಮ ಪುದುಚೇರಿಯಲ್ಲಿ ಕಳೆದರು.

ಆ ಪ್ರಾರ್ಥನೆಯ ತಾತ್ಪರ್ಯ ಇಷ್ಟು: ಉಸಿರಾಡುವ ಎಲ್ಲ ಜೀವಿಗಳೂ, ಹೆಣ್ಣಾಗಲಿ ಗಂಡಾಗಲಿ, ಯಾವ ದಿಕ್ಕಿನವರೇ ಆಗಲಿ, ಶತ್ರುಗಳಿಲ್ಲದೆ, ಅಡೆತಡೆಯಿಲ್ಲದೆ, ತಂತಮ್ಮ ದಾರಿಯಲ್ಲಿ ಸುಖವಾಗಿ ನಡೆಯಲಿ. ಪೂಜೆ ಮುಗಿದ ಮೇಲೆ ನಮ್ಮ ಹಿರಿಯರು ಲೋಕಕ್ಕೆಲ್ಲ ಒಳ್ಳೆಯದಾಗಲಿ ಎಂದು ಕೈಮುಗಿಯುವುದಿಲ್ಲವೇ, ಅದೇ ಮನಸ್ಸು. ಆದರೆ ಬರೆದ ಕಾಲ ನೋಡಿ: 1914ರಿಂದ 1917. ಮೊದಲನೇ ಮಹಾಯುದ್ಧ. ಫ್ರಾನ್ಸಿನ ನೆಲದ ಮೇಲೇ ಕದನ. ಲಿಲಿ, ನಾದಿಯಾ ಇಬ್ಬರೂ ಯುದ್ಧಕ್ಕೆ ಹೋದ ಸಂಗೀತ ವಿದ್ಯಾರ್ಥಿಗಳಿಗೆ ನೆರವು ಕಳಿಸುವ ಸಮಿತಿ ಕಟ್ಟಿ ದುಡಿಯುತ್ತಿದ್ದರು. ಸುತ್ತಲೂ ಎಲ್ಲರೂ "ನಮಗೆ ಜಯವಾಗಲಿ" ಎನ್ನುವಾಗ, ಹಾಸಿಗೆ ಹಿಡಿದ ಒಬ್ಬ ಹುಡುಗಿ ಯಾರಿಗೂ ಶತ್ರುವೇ ಇಲ್ಲದಿರಲಿ ಎನ್ನುವ ಮಾತನ್ನು ಆರಿಸಿಕೊಂಡು ಸ್ವರ ಹಾಕಿದಳು. ಮಧ್ಯದಲ್ಲಿ ಒಂಟಿ ಕೊಳಲು ಬರುತ್ತದೆ. ಅದನ್ನು ಯಾವ ರಾಗಕ್ಕೂ ಸೇರಿಸಲು ಹೋಗಬೇಡಿ, ಸುಮ್ಮನೆ ಕೇಳಿ.

ಕೊನೆಯ ಕೃತಿ "ಪಿಯೆ ಯೇಸು". ಒಂದು ಕಂಠ, ನಾಲ್ಕು ತಂತಿವಾದ್ಯ, ಹಾರ್ಪ್, ಆರ್ಗನ್. ಹೊತ್ತಿಗಾಗಲೇ ಲೇಖನಿ ಹಿಡಿಯುವ ಶಕ್ತಿ ಲಿಲಿಗಿರಲಿಲ್ಲ. ಅವಳು ಹೇಳುತ್ತಾ ಹೋದಳು, ನಾದಿಯಾ ಬರೆದುಕೊಂಡರು. ಸ್ವರ, ಕಾಲ, ಯಾವ ವಾದ್ಯ, ಎಷ್ಟು ಮೆಲ್ಲಗೆ, ಎಲ್ಲವನ್ನೂ ಬಾಯಲ್ಲೇ ಹೇಳುವುದು. ಐದು ನಿಮಿಷದಷ್ಟು ಸಂಗೀತಕ್ಕೆ ಎಷ್ಟು ಹೊತ್ತು ಹಿಡಿದಿರಬಹುದು ಎಂದು ನೀವೇ ಊಹಿಸಿ.

ನಾದಿಯಾ ಅವರು 1920ರ ದಶಕದ ಮೊದಲಲ್ಲೇ ತಾವು ಸಂಯೋಜಿಸುವುದನ್ನು ಬಿಟ್ಟರು. ಪಾಠ ಹೇಳಿದರು. ಆರನ್ ಕೋಪ್‌ಲ್ಯಾಂಡ್, ಪಿಯಾಝೋಲ್ಲಾ, ಫಿಲಿಪ್ ಗ್ಲಾಸ್ ಎಲ್ಲ ಅವರ ಮನೆಯ ಮೆಟ್ಟಿಲು ಹತ್ತಿದವರೇ. ಇದನ್ನು "ಅಕ್ಕನ ತ್ಯಾಗ" ಎಂದು ಕರೆದು ಹಾರ ಹಾಕಲು ನನಗೆ ಮನಸ್ಸಿಲ್ಲ. ನಮ್ಮ ಮನೆಗಳಲ್ಲಿ ಆ ಪದವನ್ನು ಹೆಣ್ಣುಮಕ್ಕಳ ಮೇಲೆ ಬಹಳ ಸುಲಭವಾಗಿ ಹೊರಿಸುತ್ತೇವೆ. ಅವರು ಸ್ವಂತ ಬಲದಿಂದ ಶತಮಾನದ ದೊಡ್ಡ ಗುರುವಾದವರು. ಆ ಗುರುವಿನ ಮಾತಿಗೆ ಇದ್ದ ತೂಕವನ್ನು ತಂಗಿಯ ಹಾಳೆಗಳಿಗಾಗಿ ಬಳಸಿದರು. ಅವರ ಸ್ವಂತ ಹಾಡುಗಳ ಮುದ್ರಿಕೆಗಳೂ ಈಗ ಸಿಗುತ್ತವೆ, ಅವನ್ನೂ ಕೇಳಿ.

ಇಲ್ಲಿ ಕುಳಿತಿರುವ ಹಿರಿಯರಲ್ಲಿ ಹಸೆಹಾಡು, ಬೀಸುವ ಹಾಡು ಬಲ್ಲವರು ಐದಾರು ಜನ ಇದ್ದೀರಿ. ಅವರ ಹೆಣ್ಣುಮಕ್ಕಳಿಗೆ, ಸೊಸೆಯರಿಗೆ, ಮೊಮ್ಮಕ್ಕಳಿಗೆ ನನ್ನದೊಂದು ಕೋರಿಕೆ: ಈ ವಾರ ಒಂದು ಹಾಡನ್ನಾದರೂ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಫ್ಯಾನ್ ಆರಿಸಿ, ಫೋನನ್ನು ಒಂದು ಮೊಳ ದೂರದಲ್ಲಿಡಿ. ಹಾಡು ಯಾರದು, ಯಾವ ಊರಿನದು ಎಂದು ಅವರ ಬಾಯಿಂದಲೇ ಹೇಳಿಸಿ. ಮುದ್ರಿಸಿ ಸುಮ್ಮನಿರಬೇಡಿ, ಇನ್ನೊಬ್ಬರಿಗೆ ಹಾಡಲು ಕಲಿಸಿ.

ನನ್ನ ಮಾತು ಮುಗಿಯಿತು. ಸಂಚಾಲಕಿಯರ ಅನುಮತಿ ಪಡೆದು ಸ್ಪೀಕರ್ ತಂದಿದ್ದೇನೆ. ಗಾರ್ಡಿನರ್ ಅವರ ಮುದ್ರಿಕೆಯಲ್ಲಿ ಆ ಬೌದ್ಧ ಪ್ರಾರ್ಥನೆಯನ್ನು ಹಾಕುತ್ತೇನೆ. ಎಂಟೇ ನಿಮಿಷ, ಕಾಫಿ ಆರುವುದಿಲ್ಲ. "ಪಾಪ" ಎನ್ನದೆ ಕೇಳಿ.